ನಾಲಿಗೆ ತಿದ್ದುವ ಮೊದಲು

ನಾನು ಪಾಠ ಹೇಳುವುದನ್ನು ನಿಲ್ಲಿಸಿ ಕೆಲವು ವರ್ಷಗಳಾದವು. ಆದರೂ ಈಗ ಸೇವೆಯಲ್ಲಿರುವ ಕಿರಿಯ ಇಂಗ್ಲಿಷ್ ಶಿಕ್ಷಕರು ಆಗೊಮ್ಮೆ ಈಗೊಮ್ಮೆ ಮನೆಗೆ ಬಂದು ಹೋಗುತ್ತಾರೆ. ಅವರಲ್ಲಿ ಬಹುಮಂದಿ ಕೇಳುವ ಪ್ರಶ್ನೆ ಒಂದೇ: "ಸಾರ್, ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಉಚ್ಚಾರಣೆ ಕಲಿಸಿ ಏನಾದರೂ ಪ್ರಯೋಜನ ಉಂಟೇ? ಬರುವವರಿಗೆ ಬರುತ್ತದೆ, ಬಾರದವರಿಗೆ ಬಾರದು ಎಂದು ಬಿಟ್ಟುಬಿಡುವುದೇ ಲೇಸಲ್ಲವೇ?" ಪರೀಕ್ಷೆಯ ದೃಷ್ಟಿಯಿಂದ ನೋಡಿದರೆ ಅವರ ಮಾತು ಸರಿಯೇ. ನನ್ನ ಕಾಲದ ಎಸ್.ಎಸ್.ಎಲ್.ಸಿ. ಪ್ರಶ್ನೆಪತ್ರಿಕೆಯಲ್ಲಿ ನಾಲಿಗೆಗೆ ಒಂದು ಅಂಕವೂ ಇರಲಿಲ್ಲ. ಎಲ್ಲ ಅಂಕಗಳೂ ಕೈಬರಹಕ್ಕೆ ಮೀಸಲು. 1984ರಿಂದ 2018ರವರೆಗೆ ತುಮಕೂರು, ಹಾಸನ ಜಿಲ್ಲೆಗಳ ಹಳ್ಳಿಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಬೋಧಿಸಿದ ನಾನು ಆ ಪ್ರಶ್ನೆಗೆ ಹೌದು ಎಂದಾಗಲಿ ಇಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಹೇಳಲಾರೆ. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯದ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮಕ್ಕಳ ನಾಲಿಗೆಯ ವಿಚಾರ. ಎಂಟನೆಯ ತರಗತಿಗೆ ಬರುವ ಹುಡುಗ 'ಎಗ್' ಎನ್ನುವುದನ್ನು 'ಯೆಗ್' ಎನ್ನುತ್ತಾನೆ. 'ಓಪನ್' ಎನ್ನುವುದು 'ವೋಪನ್' ಆಗುತ್ತದೆ. 'ಸ್ಕೂಲ್' ಎಂಬುದು 'ಇಸ್ಕೂಲು'. 'ಬಸ್' ಬಸ್ಸಾಗಿ, 'ಬುಕ್' ಬುಕ್ಕಾಗಿ ಕೊನೆಯಲ್ಲೊಂದು ಉಕಾರವನ್ನು ಅಂಟಿಸಿಕೊಳ್ಳುತ್ತವೆ. ಇದನ್ನು ಕೇಳಿ ನಗುವವರು ಇದು ಸೋಮಾರಿತನ, ಅಥವಾ ಹಳ್ಳಿತನ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಆ ಹುಡುಗ ಅಚ್ಚುಕಟ್ಟಾಗಿ ಒಂದು ವ್ಯಾಕರಣವನ್ನು ಪಾಲಿಸುತ್ತಿದ್ದಾನೆ. ಕನ್ನಡದ ಮಾತು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ; ಆದ್ದರಿಂದ ವ್ಯಂಜನದಲ್ಲಿ ಮುಗಿಯುವ ಅನ್ಯದೇಶ್ಯ ಪದಕ್ಕೆ ಅವನು ಸ್ವರದ ಆಸರೆ ಕೊಡುತ್ತಾನೆ. ಪದದ ಮೊದಲಲ್ಲಿ ಬರುವ ಎಕಾರಕ್ಕೆ ಯಕಾರದ, ಒಕಾರಕ್ಕೆ ವಕಾರದ ಛಾಯೆ ಸೇರುವುದು ನಮ್ಮ ಆಡುಮಾತಿನ ಜಾಯಮಾನ. 'ಎಲ್ಲಿ' ಎಂದು ನೀವೇ ಒಮ್ಮೆ ಗಟ್ಟಿಯಾಗಿ ಹೇಳಿ ಕಿವಿಗೊಟ್ಟು ನೋಡಿ. ತಾಯಿಯ ಮಡಿಲಲ್ಲಿ ಕಲಿತ ಈ ನಿಯಮಗಳನ್ನು ಹುಡುಗ ಇಂಗ್ಲಿಷಿಗೂ ಅನ್ವಯಿಸುತ್ತಾನೆ, ಅಷ್ಟೆ.

ಇನ್ನು ಕೆಲವು ಧ್ವನಿಗಳು ನಮ್ಮಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿ ಒಳಅಂಗಿಗೊಂದು 'ವೆಸ್ಟ್', ಪಶ್ಚಿಮ ದಿಕ್ಕಿಗೊಂದು 'ವೆಸ್ಟ್'. ಮೊದಲನೆಯದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು; ಎರಡನೆಯದರಲ್ಲಿ ಹಲ್ಲಿಗೆ ಕೆಲಸವಿಲ್ಲ, ತುಟಿಗಳೆರಡೂ ದುಂಡಗಾಗಬೇಕು. ಇವೆರಡನ್ನೂ ಕನ್ನಡ ಲಿಪಿಯಲ್ಲಿ ಬೇರೆ ಬೇರೆಯಾಗಿ ಬರೆದು ತೋರಿಸಲು ನನಗೆ ಈ ಕ್ಷಣದಲ್ಲೂ ಸಾಧ್ಯವಾಗುತ್ತಿಲ್ಲ ಎಂಬುದನ್ನು ಗಮನಿಸಿ! ಲಿಪಿಯಲ್ಲಿಲ್ಲದ ಭೇದ ಕಿವಿಗೂ ಕೇಳುವುದಿಲ್ಲ. ಪಠ್ಯದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಅಕ್ಷರಗಳಲ್ಲಿ ಇಂಗ್ಲಿಷ್ ಬರೆದುಕೊಂಡು ಓದುವ ಮಕ್ಕಳಿಗೆ ಈ ತೊಡಕು ಇಮ್ಮಡಿ.

ಅನುಕೂಲಗಳೂ ಇವೆ ಎಂಬುದನ್ನು ಯಾರೂ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 1977ರಲ್ಲಿ ಪ್ರಕಟವಾದ ಆನ್ ಬೇಕರ್ ಅವರ ಪ್ರಸಿದ್ಧ ಅಭ್ಯಾಸ ಪುಸ್ತಕದ ಹೆಸರೇ 'ಶಿಪ್ ಆರ್ ಶೀಪ್'. ಹಡಗನ್ನೂ ಕುರಿಯನ್ನೂ ಬೇರೆಯಾಗಿ ಉಚ್ಚರಿಸುವುದು ಸ್ಪ್ಯಾನಿಷ್ ಮುಂತಾದ ಭಾಷೆಗಳವರಿಗೆ ಅಷ್ಟು ಕಷ್ಟ. ಇಕಾರ ಈಕಾರಗಳನ್ನು ಬಾಯಿಪಾಠ ಮಾಡಿ ಬೆಳೆದ ನಮ್ಮ ಮಕ್ಕಳಿಗೆ ಅದೊಂದು ಸಮಸ್ಯೆಯೇ ಅಲ್ಲ. ಮತ್ತೆ ನಮ್ಮ ವರ್ಣಮಾಲೆಯನ್ನೇ ನೋಡಿ: ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಗಂಟಲಿನಿಂದ ತುಟಿಯವರೆಗೆ ಬಾಯಿಯ ನಕ್ಷೆಯೇ ಅಲ್ಲಿದೆ. ಧ್ವನಿಶಾಸ್ತ್ರದ ಮೊದಲ ಪಾಠವನ್ನು ಮಗು ಒಂದನೆಯ ತರಗತಿಯಲ್ಲೇ ಕಲಿತಿರುತ್ತದೆ; ಅದನ್ನು ನೆನಪಿಸುವವರು ಬೇಕು.

ನಾನು ಬಿ.ಎಡ್. ಮಾಡಿದ ವರ್ಷ ನಮಗೆ ಕಲಿಸಿದ್ದು ರಚನಾ ಪದ್ಧತಿ, ಪಾಠಯೋಜನೆ, ಕಪ್ಪುಹಲಗೆಯ ಬಳಕೆ. ಬಾಯಿಯೊಳಗೆ ನಾಲಿಗೆ ಎಲ್ಲಿರಬೇಕೆಂಬ ಮಾತೇ ಬರಲಿಲ್ಲ. ಅದು ಬಂದದ್ದು ಅನಂತರ, ಸೇವೆಯಲ್ಲಿದ್ದಾಗಿನ ತರಬೇತಿಯಲ್ಲಿ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗಾಗಿ 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ, ಅದಕ್ಕೂ ಮೊದಲು 1958ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಕೇಂದ್ರೀಯ ಸಂಸ್ಥೆ, ಇವು ಧ್ವನಿಶಾಸ್ತ್ರವನ್ನು ಶಿಕ್ಷಕರ ಬಳಿಗೆ ತಂದವು. ಇಪ್ಪತ್ತನಾಲ್ಕು ವ್ಯಂಜನ, ಇಪ್ಪತ್ತು ಸ್ವರ, ಒಟ್ಟು ನಲವತ್ತನಾಲ್ಕು ಧ್ವನಿಗಳು. ಡೇನಿಯಲ್ ಜೋನ್ಸ್ 1917ರಲ್ಲಿ ಮೊದಲು ಹೊರತಂದ ಉಚ್ಚಾರಣಾ ನಿಘಂಟು. ಕ್ಯಾಸೆಟ್ಟಿನಲ್ಲಿ ಒಬ್ಬ ಆಂಗ್ಲ ಮಹನೀಯರ ಧ್ವನಿ. ನನಗೆ ಬಹಳ ಉಪಕಾರವಾದ ವಿದ್ಯೆ ಅದು, ಅಲ್ಲಗಳೆಯಲಾರೆ. ಆದರೆ ಆ ಮಹನೀಯರಂತೆ ಮಾತನಾಡುವವರು ಇಂಗ್ಲೆಂಡಿನಲ್ಲೇ ಬೆರಳೆಣಿಕೆಯಷ್ಟು ಮಂದಿ ಎಂಬುದು ಆ ಕ್ಯಾಸೆಟ್ಟಿನಿಂದ ತಿಳಿಯುವಂತಿರಲಿಲ್ಲ. ಶಿರಾ ಕಡೆಯ ಕುರಿಗಾಹಿಯ ಮಗ ಆಕ್ಸ್‌ಫರ್ಡಿನ ಪ್ರಾಧ್ಯಾಪಕರ ಹಾಗೆ ಮಾತನಾಡಬೇಕಾದ ಅಗತ್ಯವಾದರೂ ಏನು?

ಇರಲಿ. ತರಗತಿಯಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ನಮ್ಮ ಕಡೆ ಕುಡಿಯುವುದೂ 'ಕಾಪಿ', ಪರೀಕ್ಷೆಯಲ್ಲಿ ಹೊಡೆಯುವುದೂ 'ಕಾಪಿ'. ಇವೆರಡನ್ನು ಬೇರೆ ಮಾಡುವುದೇ ನನ್ನ ಮೊದಲ ಪಾಠ. ಮಕ್ಕಳ ಕಡೆಗೆ ಬೆನ್ನು ಮಾಡಿ ನಿಂತು, ಎರಡು ಪದಗಳಲ್ಲಿ ಒಂದನ್ನು ಹೇಳುತ್ತಿದ್ದೆ. ಕುಡಿಯುವುದಾದರೆ ಬಲಗೈ ಎತ್ತಬೇಕು, ಹೊಡೆಯುವುದಾದರೆ ಎಡಗೈ. ಮೊದಲ ದಿನ ಕೈಗಳು ಅತ್ತಿತ್ತ ಗೊಂದಲವಾಗಿ ಏಳುತ್ತಿದ್ದವು. ಹತ್ತು ದಿನಗಳಲ್ಲಿ ಬಹುಪಾಲು ಸರಿಯಾಗುತ್ತಿದ್ದವು. ಅಲ್ಲಿಯವರೆಗೆ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಕಿವಿ ಪಳಗಿದ ಮೇಲೆ ನಾಲಿಗೆಗೆ ಕೆಲಸ: ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ಊದು ಎಂದರೆ ಎರಡು ನಿಮಿಷದಲ್ಲಿ ಬರುತ್ತಿತ್ತು. ಇದು ನನ್ನ ಸ್ವಂತ ಉಪಾಯವೆಂದು ಬೀಗುತ್ತಿದ್ದೆ. ಜಪಾನೀಯರಿಗೆ ಇಂಗ್ಲಿಷಿನ ರಕಾರ ಲಕಾರಗಳ ಭೇದವನ್ನು ಕಿವಿಯಿಂದ ಮಾತ್ರ ಅಭ್ಯಾಸ ಮಾಡಿಸಿದಾಗ, ಹೇಳಿಕೊಡದೆಯೇ ಅವರ ಉಚ್ಚಾರಣೆಯೂ ಸುಧಾರಿಸಿತೆಂದು 1997ರಲ್ಲಿ ಪ್ರಕಟವಾದ ಬ್ರಾಡ್ಲೋ ಮತ್ತು ಸಂಗಡಿಗರ ಅಧ್ಯಯನ ತೋರಿಸಿದೆ ಎಂದು ನಿವೃತ್ತಿಯ ನಂತರ ಅಂತರ್ಜಾಲದಲ್ಲಿ ಓದಿ ತಿಳಿದೆ.

ಎರಡನೆಯದು ಪದದ ಒತ್ತು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. 'ರೆಕಾರ್ಡ್' ಎಂಬುದಕ್ಕೆ ಮೊದಲಲ್ಲಿ ಒತ್ತು ಬಿದ್ದರೆ ದಾಖಲೆ, ಕೊನೆಯಲ್ಲಿ ಬಿದ್ದರೆ ದಾಖಲಿಸು. 'ಫೋಟೋಗ್ರಾಫ್' ಎಂಬಲ್ಲಿ ಮೊದಲಿಗಿದ್ದ ಒತ್ತು 'ಫೋಟೋಗ್ರಫರ್' ಎಂದಾಗ ಎರಡನೆಯ ಉಚ್ಚಾರಾಂಶಕ್ಕೆ ಜಿಗಿಯುತ್ತದೆ. ಇದನ್ನು ಹೇಗೆ ತಿಳಿಸುವುದು? ಕನ್ನಡ ಪಂಡಿತರ ಅವಧಿಯಲ್ಲಿ ಮಕ್ಕಳು ಕಂದಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ಕಲಿತಿದ್ದರಲ್ಲ, ಅದೇ ಲಘು ಗುರುಗಳ ಗುರುತನ್ನು ಇಂಗ್ಲಿಷ್ ಪದಗಳ ನೆತ್ತಿಯ ಮೇಲೆ ಹಾಕಿಸಿದೆ. ಛಂದಸ್ಸಿನ ಗುರು ಕಾಲದ ಅಳತೆ. ಇಂಗ್ಲಿಷಿನ ಒತ್ತಿನಲ್ಲಿ ಕಾಲ, ಏರು, ಬಲ ಮೂರೂ ಬೆರೆತಿವೆ. ಇವೆರಡೂ ಒಂದೇ ಅಲ್ಲವೆಂದು ನಮ್ಮ ಪಂಡಿತರು ಆಕ್ಷೇಪಿಸಿದರು. ಅವರ ಆಕ್ಷೇಪ ಶಾಸ್ತ್ರಸಮ್ಮತವಾದದ್ದೇ. ಆದರೆ ಮೇಜು ತಟ್ಟುತ್ತಾ ಗುರುವಿನಲ್ಲಿ ಎಳೆದು, ಲಘುವಿನಲ್ಲಿ ಹಾರಿಸಿ ಹೇಳುವ ಆಟ ಮಕ್ಕಳಿಗೆ ಹಿಡಿಸಿಬಿಟ್ಟಿತು.

ಫಲ? ಜನವರಿಯ ಹೊತ್ತಿಗೆ ಗಟ್ಟಿಯಾಗಿ ಓದುವಾಗ ನನ್ನ ಮಕ್ಕಳು ಅಚ್ಚುಕಟ್ಟಾಗಿ ಓದುತ್ತಿದ್ದರು. ಆದರೆ ಗಂಟೆ ಬಾರಿಸಿದೊಡನೆ ಅದೇ ಹುಡುಗ ಬಾಗಿಲಲ್ಲಿ ನಿಂತು, "ಸಾರ್, ಪ್ಯಾನು ಓಡ್ತಿಲ್ಲ ಸಾರ್" ಎನ್ನುತ್ತಿದ್ದ! ಮತ್ತೊಂದು ವಿಪರ್ಯಾಸವೆಂದರೆ, ಹಲ್ಲು ತುಟಿಗಳ ಈ ಹೊಸ ಧ್ವನಿ ಕೆಲವರಿಗೆ ಎಷ್ಟು ಪ್ರಿಯವಾಯಿತೆಂದರೆ ಕನ್ನಡದ 'ಫಲ'ವನ್ನೂ ಇಂಗ್ಲಿಷಿನ ಶೈಲಿಯಲ್ಲಿ ಊದತೊಡಗಿದರು. ಪಂಡಿತರು ನನ್ನನ್ನು ನೋಡಿ ತಲೆ ಚಚ್ಚಿಕೊಂಡರು.

ವಿದ್ವಾಂಸರು ಕಂಡುಕೊಂಡದ್ದೂ ಹೆಚ್ಚು ಕಡಿಮೆ ಇದನ್ನೇ. ಅಮೆರಿಕದಲ್ಲಿ ಸೂಟರ್ 1976ರಲ್ಲಿ, ಮತ್ತೆ ಪರ್ಸೆಲ್ ಅವರ ಜೊತೆಗೂಡಿ 1980ರಲ್ಲಿ ಪರಿಶೀಲಿಸಿದಾಗ, ಉಚ್ಚಾರಣೆಯ ಶುದ್ಧಿಯನ್ನು ನಿರ್ಧರಿಸುವುದರಲ್ಲಿ ಕಲಿಯುವವರ ಮಾತೃಭಾಷೆಯೇ ಮುಂದೆ ನಿಂತಿತು. ಅನುಕರಣೆಯ ಶಕ್ತಿ, ಆ ಭಾಷೆಯವರ ನಡುವೆ ಬಾಳಿದ ಕಾಲ, ಚೆನ್ನಾಗಿ ಹೇಳಬೇಕೆಂಬ ಕಾಳಜಿ ಇವು ಅದರ ಹಿಂದೆ ಬಂದವು. ತರಗತಿಯ ಬೋಧನೆಗೆ ಹೆಚ್ಚಿನ ಸ್ಥಾನ ಸಿಗಲಿಲ್ಲ. ನಮ್ಮಂತಹವರು ಎದೆ ಒಡೆದುಕೊಳ್ಳಬೇಕಾದ ಸುದ್ದಿ! ಆದರೆ 2015ರಲ್ಲಿ ಲೀ, ಜಾಂಗ್, ಪ್ಲಾನ್ಸ್ಕಿ ಎಂಬ ಮೂವರು 86 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಬೋಧನೆಯ ಪರಿಣಾಮ ಗಣನೀಯವಾಗಿಯೇ ಕಂಡಿತು. ಹೆಚ್ಚು ಕಾಲ ಕಲಿಸಿದಲ್ಲಿ, ತಪ್ಪೊಪ್ಪುಗಳನ್ನು ಆಗಿಂದಾಗ್ಗೆ ತಿಳಿಸಿದಲ್ಲಿ ಫಲ ಹೆಚ್ಚು. ಓದಿಸಿ ಪರೀಕ್ಷಿಸಿದಾಗ ಕಾಣುವ ಸುಧಾರಣೆ ಸಹಜ ಮಾತಿನಲ್ಲಿ ಅಷ್ಟಾಗಿ ಕಾಣದು ಎಂಬುದನ್ನೂ ಅವರು ಹೇಳುತ್ತಾರೆ. ನನ್ನ 'ಪ್ಯಾನಿನ' ಹುಡುಗನ ಕಥೆಯೂ ಅದೇ ತಾನೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಬೆಳಕು ಕೊಟ್ಟದ್ದು ಕೆನಡಾದ ಡರ್ವಿಂಗ್, ಮನ್ರೋ, ವೀಬ್ ಅವರು 1998ರಲ್ಲಿ ಪ್ರಕಟಿಸಿದ ಪ್ರಯೋಗ. ವಲಸೆ ಬಂದ ಕಲಿಕಾರ್ಥಿಗಳಲ್ಲಿ ಒಂದು ಗುಂಪಿಗೆ ಬಿಡಿಬಿಡಿ ಧ್ವನಿಗಳನ್ನು, ಇನ್ನೊಂದಕ್ಕೆ ಒತ್ತು, ಲಯ, ಏರಿಳಿತಗಳನ್ನು ಹನ್ನೆರಡು ವಾರ ಕಲಿಸಿದರು. ವಾಕ್ಯಗಳನ್ನು ಓದುವಾಗ ಎರಡು ಗುಂಪುಗಳೂ ಮುಂದುವರಿದವು. ಆದರೆ ಚಿತ್ರ ನೋಡಿ ತಮ್ಮದೇ ಮಾತಿನಲ್ಲಿ ಕಥೆ ಹೇಳುವಾಗ ಕೇಳುಗರಿಗೆ ಸುಲಭವಾಗಿ ಅರ್ಥವಾದದ್ದು ಒತ್ತು ಲಯ ಕಲಿತವರ ಮಾತು ಮಾತ್ರ. ನಮ್ಮವರೇ ಆದ ಆರ್.ಕೆ. ಬನ್ಸಲ್ ಅವರು ಹೈದರಾಬಾದಿನ ಸಂಸ್ಥೆಯಿಂದ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರಲು ಒತ್ತಿನ ಪಲ್ಲಟ ಒಂದು ಮುಖ್ಯ ಕಾರಣವೆಂದು ತೋರಿಸಿದ್ದರು. 2000ದ ನಂತರ ಬೆಂಗಳೂರಿನ ಕಾಲ್ ಸೆಂಟರಿಗೆ ಸೇರಿದ ನನ್ನ ಶಿಷ್ಯನೊಬ್ಬ ಊರಿಗೆ ಬಂದಾಗ ಹೇಳಿದ: "ಸಾರ್, ನೀವು ಮೇಜು ಕುಟ್ಟಿಸ್ತಿದ್ರಲ್ಲ, ಅದೊಂದು ಕೈ ಹಿಡೀತು. ಉಳಿದದ್ದೆಲ್ಲ ಅಲ್ಲಿ ಹೋಗಿ ಕಲಿತೆ." ಉಳಿದದ್ದೆಲ್ಲ ಎಂಬಲ್ಲಿ ನನ್ನ ಕಾಫಿ ಕಾಪಿಗಳೂ ಸೇರಿದ್ದವೋ ಏನೋ, ಕೇಳಲು ಹೋಗಲಿಲ್ಲ.

ಒತ್ತಿನ ಮಹಿಮೆ ನಮ್ಮ ಪೂರ್ವಿಕರಿಗೆ ಹೊಸತೇನೂ ಆಗಿರಲಿಲ್ಲ. ವೇದಾಂಗಗಳು ಆರು, ಅವುಗಳಲ್ಲಿ ಮೊದಲನೆಯದೇ ಶಿಕ್ಷಾ, ಎಂದರೆ ಉಚ್ಚಾರಣಾ ಶಾಸ್ತ್ರ. ತ್ವಷ್ಟೃ ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಯಜ್ಞ ಮಾಡಿದ ಕಥೆಯನ್ನು ವ್ಯಾಕರಣಕಾರರು ಹೇಳುತ್ತಾರೆ. 'ಇಂದ್ರಶತ್ರು' ಎಂಬ ಪದದ ಕೊನೆಯಲ್ಲಿ ಬರಬೇಕಾದ ಸ್ವರ ಮೊದಲಲ್ಲಿ ಬಿತ್ತು. ಇಂದ್ರನನ್ನು ಕೊಲ್ಲುವವನು ಎಂಬ ಅರ್ಥ ಹೋಗಿ, ಇಂದ್ರನೇ ಯಾರನ್ನು ಕೊಲ್ಲುವನೋ ಅವನು ಎಂದಾಯಿತು. ಅಕ್ಷರಗಳು ಅವೇ, ಹುಟ್ಟಿದ ವೃತ್ರ ಇಂದ್ರನ ಕೈಯಲ್ಲಿ ಸತ್ತ. ಬೈಬಲಿನ ನ್ಯಾಯಸ್ಥಾಪಕರು ಎಂಬ ಗ್ರಂಥದಲ್ಲಿ ಇದಕ್ಕಿಂತ ಕ್ರೂರವಾದ ಕಥೆ ಇದೆ. ಯುದ್ಧದಲ್ಲಿ ಸೋತ ಎಫ್ರಾಯೀಮ್ಯರು ಜೋರ್ಡನ್ ನದಿ ದಾಟಲು ಬಂದಾಗ ಗಿಲ್ಯಾದಿನವರು ಅವರಿಂದ 'ಷಿಬ್ಬೋಲೆತ್' ಎನ್ನಿಸುತ್ತಿದ್ದರಂತೆ. ಬಾಯಿ ತಿರುಗದೆ 'ಸಿಬ್ಬೋಲೆತ್' ಎಂದವನನ್ನು ಅಲ್ಲೇ ಕೊಂದರು. ಹಾಗೆ ಮಡಿದವರು ನಲವತ್ತೆರಡು ಸಾವಿರ ಎಂದಿದೆ ಆ ಗ್ರಂಥ. ಶಂಕರನನ್ನು 'ಸಂಕರ' ಎನ್ನುವ, ಶಾಲೆಯನ್ನು 'ಸಾಲೆ' ಎನ್ನುವ ಮಕ್ಕಳ ಮುಂದೆ ನಿಂತಾಗಲೆಲ್ಲ ನನಗೆ ಆ ನದಿಯ ದಡ ನೆನಪಾಗುತ್ತದೆ.

ಅರ್ಥ ಕೆಡದಿರಲೆಂದು ಉಚ್ಚಾರಣೆ ತಿದ್ದುವುದು ಒಂದು. ನೀನು ಯಾವ ಕಡೆಯವನು ಎಂದು ಹಿಡಿಯಲು ಅದನ್ನು ಬಳಸುವುದು ಇನ್ನೊಂದು. ತೊಂಬತ್ತರ ದಶಕದಲ್ಲಿ ನಮ್ಮ ಶಾಲೆಗೆ ಒಬ್ಬ ಅಧಿಕಾರಿ ತಪಾಸಣೆಗೆ ಬಂದಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಎಬ್ಬಿಸಿ ಓದಲು ಹೇಳಿದರು. ಬರವಣಿಗೆಯಲ್ಲಿ ಇಡೀ ತರಗತಿಗೆ ಅವಳೇ ಮುಂದು. ಅವಳು 'ಇಸ್ಕೂಲ್' ಎಂದಳು. ಅಧಿಕಾರಿಗಳು ಅದನ್ನು ಅವಳ ಧ್ವನಿಯಲ್ಲೇ ಅನುಕರಿಸಿ, ರಾಗವಾಗಿ ಎರಡು ಸಲ ಹೇಳಿ, "ಎಲ್ಲಮ್ಮಾ ನಿನ್ನ ಇಸ್ಕೂಲು?" ಎಂದರು. ತರಗತಿ ಗೊಳ್ಳೆಂದು ನಕ್ಕಿತು. ಇದೇ ಅಧಿಕಾರಿಗಳು ಮಾತಿನ ನಡುವೆ 'ಯೆಜುಕೇಷನ್' ಎನ್ನುತ್ತಿದ್ದರು ಎಂಬುದು ಬೇರೆ ಮಾತು. ಹುಡುಗಿ ಪುಸ್ತಕ ಮುಚ್ಚಿ ಕುಳಿತಳು. ಆ ವರ್ಷವೂ ಮುಂದಿನ ವರ್ಷವೂ ಅವಳು ನನ್ನ ತರಗತಿಯಲ್ಲಿ ಇಂಗ್ಲಿಷಿನ ಒಂದು ಪದವನ್ನೂ ಒಬ್ಬಳೇ ಹೇಳಲಿಲ್ಲ. ಎಲ್ಲರೂ ಒಟ್ಟಾಗಿ ಹೇಳುವಾಗ ತುಟಿ ಅಲುಗುತ್ತಿತ್ತು. ಧ್ವನಿ ಬರುತ್ತಿತ್ತೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಅವಳು ಟಿ.ಸಿ.ಎಚ್. ಮುಗಿಸಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತಲ್ಲ, ಆಗ ಆ ಪಾಠವೂ ಅವಳ ಪಾಲಿಗೆ ಬಂತು. ಒಂದು ಮದುವೆಯಲ್ಲಿ ಭೇಟಿಯಾದಾಗ, "ಹೇಗಮ್ಮ ಇಂಗ್ಲಿಷ್ ಪಾಠ?" ಎಂದು ಕೇಳಿದೆ. "ಮೊಬೈಲಿನಲ್ಲಿ ಪದ್ಯ ಹಾಕ್ತೀನಿ ಸಾರ್. ಮಕ್ಕಳು ಅದನ್ನೇ ಹೇಳ್ತಾರೆ. ನಾನು ಹೇಳೋಕೆ ಹೋಗಲ್ಲ" ಎಂದಳು. ತಗ್ಗಿದ ದನಿಯಲ್ಲಿ, "ನನ್ನ ಬಾಯಿಂದ ಕೇಳಿ ಅವೂ ಹಾಳಾಗೋದು ಬೇಡ ಸಾರ್" ಎಂದು ಸೇರಿಸಿದಳು. ಇಪ್ಪತ್ತು ವರ್ಷಗಳ ಹಿಂದಿನ ಒಂದು ನಗೆ ಇನ್ನೂ ಅವಳ ತರಗತಿಯಲ್ಲಿ ಕುಳಿತಿತ್ತು. ಅವಳ ಶಾಲೆಗೆ ಎರಡು ಸಲ ಹೋಗಿ ಬಂದೆ. ಅವಳ ಉಚ್ಚಾರಣೆ ಆ ಮಕ್ಕಳಿಗೆ ಧಾರಾಳವಾಗಿ ಸಾಕು. ಆದರೆ ಅದನ್ನು ಅವಳು ಒಪ್ಪಿದ್ದಾಳೆಂದು ನನಗೆ ಅನ್ನಿಸಲಿಲ್ಲ.

ಇಂಗ್ಲಿಷಿನ ಮಾತಿರಲಿ, ಕನ್ನಡದಲ್ಲಿಯೇ ಈ ಹಿಂಸೆ ಇಲ್ಲವೇ? ಹಾಲನ್ನು 'ಆಲು' ಎನ್ನುವವರ ಮನೆ, ಕುಲ, ಕೇರಿಗಳನ್ನೆಲ್ಲ ಆ ಒಂದು ಹಕಾರದಿಂದಲೇ ಲೆಕ್ಕ ಹಾಕುವ ಜನರನ್ನು ನಾನು ಸಿಬ್ಬಂದಿ ಕೊಠಡಿಯಲ್ಲೇ ಕಂಡಿದ್ದೇನೆ. ಹಕ್ಕಿ ಅಕ್ಕಿಯಾದರೆ ಅರ್ಥ ಕೆಡುತ್ತದೆ, ನಿಜ. ತಿದ್ದಬೇಕು, ಅದೂ ನಿಜ. ಆದರೆ ಹೆದರಿಸಿ ತಿದ್ದಿದಾಗ ಏನಾಗುತ್ತದೆಂದರೆ, ಮಗು ಎಲ್ಲಿ ತಪ್ಪಾಗುವುದೋ ಎಂದು ಕಂಡಕಂಡಲ್ಲಿ ಹಕಾರ ಸೇರಿಸಿ 'ಹೊಂದು, ಹೆರಡು' ಎಂದು ಎಣಿಸತೊಡಗುತ್ತದೆ. ಆಗ ಮತ್ತೆ ನಗೆ.

ಮನ್ರೋ ಮತ್ತು ಡರ್ವಿಂಗ್ 1995ರಲ್ಲಿಯೇ ಒಂದು ವಿವೇಕದ ಭೇದವನ್ನು ತೋರಿಸಿದ್ದರು: ಪರಭಾಷೆಯ ಛಾಯೆ ಗಾಢವಾಗಿದ್ದರೂ ಮಾತು ಪೂರ್ತಿ ಅರ್ಥವಾಗಬಲ್ಲದು. ಛಾಯೆ ಬೇರೆ, ತೊಡಕು ಬೇರೆ. ಪೋಲಿಷ್ ಕುಟುಂಬದಲ್ಲಿ ಹುಟ್ಟಿ, ಇಪ್ಪತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿತ ಜೋಸೆಫ್ ಕಾನ್ರಾಡ್ ಆ ಭಾಷೆಯ ಮಹಾ ಕಾದಂಬರಿಕಾರನಾದರೂ, ಕೊನೆಯವರೆಗೂ ಅವನ ಮಾತಿನಲ್ಲಿ ಪೋಲಿಷ್ ಛಾಯೆ ಹೋಗಲಿಲ್ಲ. ಜೆನಿಫರ್ ಜೆಂಕಿನ್ಸ್ 2000ದಲ್ಲಿ ಬರೆದ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಇಂಗ್ಲಿಷನ್ನು ಪರಸ್ಪರ ಸಂಪರ್ಕಕ್ಕೆ ಬಳಸುವ ಅನ್ಯಭಾಷಿಕರಿಗೆ 'ದಿ', 'ಥಿಂಕ್' ಎಂಬಲ್ಲಿನ ನಾಲಿಗೆ ಚಾಚುವ ಧ್ವನಿ ಅನಿವಾರ್ಯವಲ್ಲ. ಸ್ವರಗಳ ಹ್ರಸ್ವ ದೀರ್ಘ ಭೇದ, ಪದದ ಮೊದಲಿನ ಸಂಯುಕ್ತಾಕ್ಷರ, ವಾಕ್ಯದಲ್ಲಿ ಮುಖ್ಯ ಪದದ ಮೇಲಿನ ಒತ್ತು ಇವು ಮುಖ್ಯ ಎಂದರು. ಆ 'ಥಿಂಕ್'ಗಾಗಿ ನಮ್ಮ ಶಿಕ್ಷಕರು ವ್ಯಯಿಸಿದ ಗಂಟೆಗಳನ್ನು ನೆನೆದರೆ ನಗು ಬರುತ್ತದೆ. ಒತ್ತಿನ ವಿಷಯದಲ್ಲಿ ಜೆಂಕಿನ್ಸ್ ಪದದೊಳಗಿನದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಅಲ್ಲಿ ನಾನು ಬನ್ಸಲ್ ಅವರ ಪಕ್ಷ.

ಈಗ ನಾನು ಮಗ್ಗುಲು ಬದಲಿಸಿ ಕನ್ನಡ ಕಲಿಸುತ್ತಿದ್ದೇನೆ. ನಮ್ಮೂರಿನ ಬ್ಯಾಂಕ್ ಶಾಖೆಗೆ ಉತ್ತರ ಪ್ರದೇಶದಿಂದ ಬಂದ ತರುಣ ಅಧಿಕಾರಿಯೊಬ್ಬರು ವಾರಕ್ಕೆ ಎರಡು ಸಂಜೆ ಮನೆಗೆ ಬರುತ್ತಾರೆ. ಹಿಂದಿಯಲ್ಲಿ ಳಕಾರವಿಲ್ಲ, ಎಕಾರ ಒಕಾರಗಳ ಹ್ರಸ್ವ ರೂಪವೂ ಇಲ್ಲ. ಆದ್ದರಿಂದ ಅವರು ಕೌಂಟರಿನಲ್ಲಿ ಕುಳಿತು "ಅರ್ಜಿ ಕೋಡಿ" ಎನ್ನುತ್ತಾರೆ. ಕೆರೆಯ ಕೋಡಿಯನ್ನು ಬಲ್ಲ ರೈತ ಕಕ್ಕಾಬಿಕ್ಕಿ. ಬೆಲೆ, ಬೆಳೆ, ಬೇಳೆ ಮೂರೂ ಅವರ ಬಾಯಲ್ಲಿ 'ಬೇಲೆ'. ಬೆಳೆ ಸಾಲದ ವಿಚಾರ ಮಾತನಾಡಲು ಬಂದ ವೃದ್ಧರೊಬ್ಬರು, ತಮ್ಮ ಸಾಲವನ್ನು ಬೇಳೆಕಾಳಿಗೆಂದು ಬರೆದುಬಿಟ್ಟಿದ್ದಾರೆಂದು ಗಾಬರಿಯಾಗಿ ಊರೆಲ್ಲ ಹೇಳಿಕೊಂಡು ಬಂದಿದ್ದರು. ಅದೇ ಶಾಖೆಯಲ್ಲಿರುವ ಒಡಿಶಾದ ಇನ್ನೊಬ್ಬರಿಗೆ ಳಕಾರ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ, ಅವರ ಭಾಷೆಯಲ್ಲೇ ಅದು ಇದೆ.

ಇಲ್ಲಿಯೂ ಮೊದಲು ಕಿವಿ. ನಾನು ಬೆನ್ನು ತಿರುಗಿಸಿ ಮೂರರಲ್ಲಿ ಒಂದನ್ನು ಹೇಳುತ್ತೇನೆ. ಅವರು ರೂಪಾಯಿ ನೋಟು, ಒಂದು ರಾಗಿ ತೆನೆ, ಒಂದು ಹಿಡಿ ತೊಗರಿಬೇಳೆ ಇವುಗಳಲ್ಲಿ ಸರಿಯಾದದ್ದನ್ನು ಮುಟ್ಟಬೇಕು. ಮೂರು ವಾರ ಹಿಡಿಯಿತು. ಅನಂತರ ನಾಲಿಗೆಯ ತುದಿ ಮಡಿಸಿ ಅಂಗಳಕ್ಕೆ ತಾಗಿಸುವುದು, ಡಕಾರದ ಜಾಗದಲ್ಲಿ ಲಕಾರ ಹೇಳುವುದು. ಹಿಂದಿಯ ಡಕಾರ ಅವರ ಬಾಯಲ್ಲಿ ಇದ್ದೇ ಇರುವುದರಿಂದ ಇದು ಬೇಗ ಬಂತು. ಹ್ರಸ್ವ ಎಕಾರ ಮಾತ್ರ ಇನ್ನೂ ಸತಾಯಿಸುತ್ತಿದೆ. ಅವಸರದಲ್ಲಿದ್ದಾಗ 'ಕೆರೆ' ಈಗಲೂ 'ಕೇರೆ'ಯಾಗಿ ಹಾವಿನಂತೆ ಹರಿದುಬಿಡುತ್ತದೆ.

ಕಳೆದ ವಾರ ಅವರು ಕೇಳಿದರು: "ಸರ್, ನಾನು ಇಲ್ಲಿಯವರ ಹಾಗೆ ಯಾವಾಗ ಮಾತಾಡ್ತೀನಿ?"

"ಬಹುಶಃ ಯಾವತ್ತೂ ಇಲ್ಲ" ಎಂದೆ. "ನೀವು ಹೇಳಿದ ಬೆಳೆ ಬೇಳೆ ಎರಡೂ ರೈತರಿಗೆ ತಿಳಿಯುತ್ತಿವೆ ತಾನೆ?"

"ತಿಳೀತಿದೆ ಸರ್. ನಿನ್ನೆ ಒಬ್ಬ ಅಜ್ಜಿ ನನ್ನ ಹತ್ತಿರವೇ ಪಾಸ್‌ಬುಕ್ ಕೊಟ್ರು, ಪಕ್ಕದವರ ಹತ್ತಿರ ಹೋಗಲಿಲ್ಲ" ಎಂದರು. 'ಹತ್ತಿರ' ಎಂಬಲ್ಲಿ ತಕಾರ ಕೊಂಚ ತೆಳುವಾಯಿತು. ಅದನ್ನು ತಿದ್ದಲಿಲ್ಲ, ಮುಂದಿನ ಪಾಠಕ್ಕೆ ಒಕಾರದ ಪಟ್ಟಿ ಬರೆದುಕೊಟ್ಟು ಕಳುಹಿಸಿದೆ.